ಭದ್ರೆಗೆ ಬಿಡದೆ ಉಳಿದ ಬ್ರಿಡ್ಜ್

ಭದ್ರಾವತಿಯ ಸೇತುವೆ ಮೇಲೆ ನಿಂತು ಇನ್ನೇನು ಮುಷ್ಟಿ ಬಿಚ್ಚಬೇಕು, ಪಕ್ಕದಲ್ಲಿ ಹೊಳೆಗೆ ಹೂ ಬಿಡುತ್ತಿದ್ದ ಹೆಂಗಸು ನನ್ನ ಕಡೆ ತಿರುಗದೆಯೇ ಹೇಳಿದಳು: "ಅದನ್ನ ಬಿಡ್ಬೇಡಿ ಅಜ್ಜಿ. ಅವ್ರು ಮತ್ತೆ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ನಗ್ಬೇಕಾಗುತ್ತೆ."

ಮುಷ್ಟಿಯೊಳಗೆ ಇದ್ದದ್ದು ತೀರಿಕೊಂಡ ನಮ್ಮ ಯಜಮಾನರ ಹಲ್ಲಿನ ಬ್ರಿಡ್ಜ್. ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಮುಂದಿನ ಹಲ್ಲು ಬಿದ್ದ ಜಾಗಕ್ಕೆ ಶಿವಮೊಗ್ಗದಲ್ಲಿ ಅದನ್ನು ಕಟ್ಟಿಸುವ ಮೊದಲು ಅವರು ನಗುತ್ತಿದ್ದದ್ದು ಹಾಗೆಯೇ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಸಡಿಲವಾದ ಮೇಲೆ ಕಳಚಿ ಲೋಟದ ನೀರಿನಲ್ಲಿ ಇಡುತ್ತಿದ್ದರು. ಅವರು ಹೋದರೂ ಲೋಟ ಅಲ್ಲೇ ಉಳಿಯಿತು. "ಹೊಳೆಗೆ ಬಿಟ್ಬನ್ನಿ ಅತ್ತೆ, ಅದನ್ನ ನೋಡಿದ್ರೆ ನಂಗೆ ಭಯ" ಎಂದು ಸೊಸೆ ಹಟ ಹಿಡಿದಿದ್ದಳು.

"ನಿಂಗೆ ಹ್ಯಾಗೆ ಗೊತ್ತು ಮಾರಾಯ್ತಿ?" ಎಂದು ಆ ಹೆಂಗಸನ್ನು ಕೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಥೇಟ್ ಅವರ ಹಾಗೆ. ಆಮೇಲೆ ಸೇತುವೆ ದಾಟಿ ಹೋಗಿಬಿಟ್ಟಳು.

ಬಿಟ್ಟುಬಂದೆ ಎಂದು ಸೊಸೆಗೆ ಸುಳ್ಳು ಹೇಳಿದ್ದೇನೆ. ಅವಳು ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಲ್ಲೇ ಇದನ್ನು ಪತ್ರಿಕೆಗೆ ಕಳಿಸಲು ಫೋನಿನಲ್ಲಿ ಕುಟ್ಟುತ್ತಿರುವುದು. ಬ್ರಿಡ್ಜ್ ನನ್ನ ಬೀರುವಿನಲ್ಲಿ, ಸೀರೆಗಳ ಹಿಂದೆ ಇದೆ. ಬೀರುವಿಗೆ ಬೀಗ ಹಾಕುವುದನ್ನು ಬಿಟ್ಟಿದ್ದೇನೆ. ಅವರಿಗೆ ನಗು ಬಂದಾಗ ಬೇಕಾಗುತ್ತದಲ್ಲ.