ದೇವರ ಎತ್ತು ನನ್ನದೆಂದು ಬರೆಸಿದ್ದು

ನಾನು ಅಕ್ಷರ ಕಲಿತದ್ದು ಐವತ್ತರ ಹತ್ತಿರ ಬಂದ ಮೇಲೆ. ಸರ್ಕಾರದವರು ಊರೂರಿಗೆ ಸ್ಲೇಟು, ಬಳಪ ಹಂಚಿ ಮುದುಕಿಯರಿಗೂ ಓದು ಕಲಿಸುತ್ತಿದ್ದ ಕಾಲ. ಮಧ್ಯಾಹ್ನ ಉಂಡ ಮೇಲೆ ಶಾಲೆಯ ಮೇಷ್ಟ್ರು ನಮ್ಮನ್ನು ಹೊಂಗೆಮರದ ಕೆಳಗೆ ಕೂರಿಸುತ್ತಿದ್ದರು. ನನ್ನ ಹೆಸರು ಬರೆಯುವುದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಈಗಲೂ ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಮೊಮ್ಮಗಳು ತಿದ್ದುತ್ತಾಳೆ.

ಒಂದು ದಿನ ಮೇಷ್ಟ್ರು ನಮ್ಮನ್ನೆಲ್ಲ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಮೊಳಕಾಲ್ಮೂರಿನ ಆಚೆ ಒಂದು ಬಂಡೆ ತೋರಿಸಲು ಕರೆದುಕೊಂಡು ಹೋದರು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ದೊಡ್ಡ ರಾಜ ಬರೆಸಿದ್ದಂತೆ. ಅವನ ರಾಜ್ಯ ಬಡಗಲ ಬೆಟ್ಟಗಳಿಂದ ನಮ್ಮ ಹಾಳು ಕಲ್ಲುಗುಡ್ಡದ ತನಕ ಇತ್ತಂತೆ.

“ಏನ್ ಬರ್ಸವ್ನೆ ಸಾ?” ಅಂದೆ.

“ಅವ್ವ ಅಪ್ಪನ ಮಾತು ಕೇಳ್ರಿ, ಜೀವದ ಮ್ಯಾಲೆ ದಯೆ ಇರ್ಲಿ ಅಂತ.”

“ಇಷ್ಟು ಹೇಳಾಕೆ ಬಂಡೆ ಕೆತ್ತಿಸ್ಬೇಕಿತ್ತಾ? ನಮ್ಮವ್ವ ಸಗಣಿ ಬಳೀತಾನೇ ಹೇಳ್ತಿದ್ಲು.”

ಹೆಂಗಸರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಆ ರಾಜ ಸತ್ತ ಮೇಲೆ ರಾಜ್ಯ ಬಹಳ ದಿನ ಉಳಿಯಲಿಲ್ಲ, ಚೂರುಚೂರಾಯಿತು, ಆಮೇಲೆ ಆ ಅಕ್ಷರ ಓದಬಲ್ಲವರೇ ಇಲ್ಲವಾದರು ಎಂದರು.

“ಒಬ್ಬ ರಾಜ ಹೋಗಿ ಇನ್ನೊಬ್ಬ ಬರೋ ತನಕ ಜನ ಏನ್ ಮಾಡಿದ್ರು? ಉಣ್ಲಿಲ್ವಾ?” ಅಂದೆ.

“ಉಂಡಿರ್ತಾರೆ. ಆದ್ರೂ ದೇಶ ಅಂತ ಒಂದಿಲ್ದಿದ್ರೆ ಯಾರು ಎಲ್ಲಿಯೋರು, ಯಾವ್ದು ಯಾರ್ದು ಅಂತ ಹೆಂಗೆ ಗೊತ್ತಾಗ್ತೈತೆ ಅವ್ವಾ?”

“ನಮ್ಗೆ ಗೊತ್ತಿರ್ತೈತೆ ಬಿಡ್ರಿ.”

ಆಗ ನನಗೆ ಹಾಗೇ ಅನ್ನಿಸಿತ್ತು.

ನನ್ನ ಗಂಡ ಕಿಲಾರಿ. ಅಂದರೆ ದೇವರ ದನ ಕಾಯುವವನು. ನಮ್ಮ ಜನಕ್ಕೆ ದೇವರ ಹೆಸರಿನ ದನದ ಹಿಂಡು ಇದೆ. ಆ ಎತ್ತಿಗೆ ನೊಗ ಹೂಡುವುದಿಲ್ಲ. ಆ ಹಸುವಿನ ಹಾಲು ಮಾರುವುದಿಲ್ಲ. ಅದರಲ್ಲಿ ಒಂದು ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಾಡಿ, ದನ ಕೂಡುವ ರೊಪ್ಪದ ಪಕ್ಕದ ದೇವರ ಜಾಗದಲ್ಲೇ ಮಣ್ಣು ಮಾಡಬೇಕು. ಅದು ಮಣ್ಣಿಗೆ ಹೋಗುವ ತನಕ ಕಿಲಾರಿ ಬಾಯಿಗೆ ನೀರೂ ಹಾಕುವಂತಿಲ್ಲ. ಬೇಸಿಗೆಯಲ್ಲಿ ಇಲ್ಲಿ ಹುಲ್ಲು ಮುಗಿದರೆ ಹಿಂಡು ಆಂಧ್ರದ ಗುಡ್ಡಗಳ ಕಡೆ ಹೋಗುತ್ತಿತ್ತು, ಮಳೆ ಬಿದ್ದ ಮೇಲೆ ವಾಪಸು ಬರುತ್ತಿತ್ತು. ನನ್ನ ಮಾವ ಹೋಗಿದ್ದ, ಅವನ ಅಪ್ಪನೂ ಹೋಗಿದ್ದ. ಅವರ ಕಾಲದಲ್ಲಿ ದುರ್ಗದ ಪಾಳೆಯಗಾರರ ಕಥೆ ಹೇಳುವವರಿದ್ದರು, ಮೈಸೂರಿನ ಮಹಾರಾಜರನ್ನು ಕಂಡವರಿದ್ದರು, ಬಿಳಿಯರಿಗೆ ಸಲಾಮು ಹೊಡೆದವರಿದ್ದರು. ಒಬ್ಬೊಬ್ಬರೇ ಹೋದರು. ದನಕ್ಕೆ ಅದೊಂದೂ ತಿಳಿಯಲಿಲ್ಲ.

ದನಗಳಿಗೆ ಕಾಲುಬಾಯಿ ಜ್ವರ ಬಂದ ವರ್ಷ, ಎರಡು ಸಾವಿರ ಇಸವಿ ದಾಟಿತ್ತು. ಆಚೆಯ ದನ ಈಚೆಗೆ ಬರಬಾರದೆಂದು ಗಡಿಯ ರಸ್ತೆಗೆ ಬಿದಿರಿನ ಅಡ್ಡ ಹಾಕಿ ಒಬ್ಬ ಗುಮಾಸ್ತನನ್ನು ಕೂರಿಸಿದ್ದರು. ಆಗಲೇ ಹಿಂಡಿನ ಹಿರಿಯ ಎತ್ತು ಆಚೆ ಸತ್ತಿತು. ಹಿಂಡನ್ನು ಅಲ್ಲೇ ಇನ್ನೊಬ್ಬನಿಗೆ ಒಪ್ಪಿಸಿ, ನನ್ನ ಗಂಡ ಮತ್ತು ನಾಲ್ಕು ಜನ ಎತ್ತಿಗೆ ಕಂಬಳಿ ಹೊದಿಸಿ ಟ್ರ್ಯಾಕ್ಟರಿನಲ್ಲಿ ತಂದರು. ಗುಮಾಸ್ತ ಬಿಡಲಿಲ್ಲ. ದೊಡ್ಡ ಸಾಹೇಬರು ಚಳ್ಳಕೆರೆಯಿಂದ ನಾಳೆ ಬರುತ್ತಾರೆ, ಕೇಳಿ ಹೇಳುತ್ತೇನೆ ಅಂದ.

ಮರುದಿನ ಬೆಳಿಗ್ಗೆ ಊರಿಗೆ ಸುದ್ದಿ ಬಂತು. ಚೆಂಬಿನಲ್ಲಿ ಮಜ್ಜಿಗೆ ತೆಗೆದುಕೊಂಡು ಎರಡು ಮೈಲಿ ನಡೆದು ಹೋದೆ. ನನ್ನ ಗಂಡ ಜಾಲಿಮರದ ಕೆಳಗೆ ಮಲಗಿದ್ದ. ಅರವತ್ತೈದು ದಾಟಿದ ಜೀವ, ಒಂದು ದಿನ ಒಂದು ರಾತ್ರಿ ನೀರಿಲ್ಲ. ತುಟಿ ಒಡೆದಿತ್ತು. ಮಜ್ಜಿಗೆಯನ್ನು ಬಾಯಿಯ ಹತ್ತಿರ ಹಿಡಿದೆ. ಹಲ್ಲು ಕಚ್ಚಿಕೊಂಡ. ಟ್ರ್ಯಾಕ್ಟರಿನ ಮೇಲೆ ಸತ್ತ ಎತ್ತು ಊದಿಕೊಳ್ಳುತ್ತಿತ್ತು.

ಗುಮಾಸ್ತ ಕೆಟ್ಟವನಲ್ಲ. ದನದ ಡಾಕ್ಟರು ಬಂದು ನೋಡಿ ಇದು ಜ್ವರವಲ್ಲ, ಮುಪ್ಪು ಎಂದು ಹೇಳಿದ್ದರು. ಸಾಹೇಬರೂ ಒಪ್ಪಿದ್ದರು. ಆದರೆ ಎತ್ತಿನ ಒಡೆಯ ತನ್ನದೆಂದು ಬರೆದು ರುಜು ಹಾಕಬೇಕು, ಅಷ್ಟೇ.

“ಎತ್ತು ಯಾರ್ದಪ್ಪ?” ಅಂತ ಅವನು ಕೇಳಿದ.

“ದೇವ್ರುದು ಸ್ವಾಮಿ,” ಅಂದ ನನ್ನ ಗಂಡ ಮಲಗಿದಲ್ಲಿಂದಲೇ.

“ಆಯ್ತು, ನಿಮ್ ದೇವ್ರುನ್ನೇ ಕರ್ಕೊಂಡ್ ಬಾ, ಹೆಬ್ಬೆಟ್ಟು ಒತ್ತಿಸ್ಕೊಳ್ತೀನಿ.”

“ತಮಾಷೆ ಬ್ಯಾಡ ಸ್ವಾಮಿ.”

“ತಮಾಷೆ ಅಲ್ಲಯ್ಯ. ನಾನೂ ದನ ಕಟ್ಟಿದ ಮನೆಯೋನೇ. ನಂದು ಅಂತ ಒಂದು ಮಾತು ಬರ್ಸು, ಬಿದಿರು ಎತ್ತುತೀನಿ. ಇಲ್ಲಿ ಒಡೆಯ ಅಂತ ಒಂದು ಗೆರೆ ಐತೆ. ಅದು ಖಾಲಿ ಇದ್ರೆ ನನ್ ನೌಕರಿ ಹೋಗ್ತೈತೆ.”

“ನಂದು ಅಂದ್ರೆ ನನ್ ನಾಲಿಗೆ ಬಿದ್ದೋಗ್ತೈತೆ.”

ಉಳಿದ ನಾಲ್ವರ ಮುಖ ನೋಡಿದೆ. ಒಬ್ಬ ಬೀಡಿ ಹಚ್ಚಿದ. ಒಬ್ಬ ಚಕ್ರದ ಗಾಳಿ ನೋಡಲು ಬಗ್ಗಿದ. ದೇವರ ದನವನ್ನು ತನ್ನದೆಂದವನ ವಂಶ ಉಳಿಯುವುದಿಲ್ಲ ಎಂದು ನಮ್ಮಲ್ಲಿ ಮಾತು. ನನಗೂ ಅದು ಗೊತ್ತಿತ್ತು. ಆಗ ಬಿಸಿಲು ನೆತ್ತಿಗೆ ಬಂದಿತ್ತು. ಗಂಡನ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

“ಎತ್ತು ನಂದು. ಬರ್ಕಳ್ರಿ,” ಅಂದೆ.

“ಲೇ!” ಅಂದ ನನ್ನ ಗಂಡ. ಏಳಲು ಹೋದ, ಆಗಲಿಲ್ಲ.

ಗುಮಾಸ್ತ ತನ್ನ ಪುಸ್ತಕದಲ್ಲಿ ಬರೆದುಕೊಂಡ. ರುಜು ಬರುತ್ತಾ ಎಂದು ಕೇಳಿದ. ಬರುತ್ತೆ ಅಂದೆ. ಹೆಸರು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲಿಲ್ಲ, ನಿಜ ಬರೆಯುತ್ತಿದ್ದೇನೆ ಅಂತಲೂ ಅನ್ನಿಸಲಿಲ್ಲ. ಒಳಗೆ ಏನೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಎತ್ತನ್ನು ದೇವರ ಜಾಗದಲ್ಲಿ ಮಣ್ಣು ಮಾಡಿದರು. ಗುಂಡಿಗೆ ಉಪ್ಪು ಸುರಿದು, ಹಾಲು ಬಿಟ್ಟು, ದೀಪ ಇಟ್ಟರು. ನನ್ನ ಗಂಡ ಎದ್ದು ಕೂತು ಒಂದು ಚೆಂಬು ನೀರು ಕುಡಿದ. ದೂರದಿಂದ ನೋಡಿದೆ. ಗಂಟಲು ಏಳುತ್ತಿತ್ತು, ಇಳಿಯುತ್ತಿತ್ತು.

ಮೂರನೇ ದಿನ ಹಿರಿಯರು ಕಟ್ಟೆಯ ಮೇಲೆ ಕೂಡಿದರು. ಪುಸ್ತಕದಲ್ಲಿ ಹೆಂಗಸಿನ ಹೆಸರು ಬಿದ್ದಿದೆ, ಹಾಗಾಗಿ ಅದು ಮನೆಯ ಎತ್ತಾಯಿತು, ಮನೆಯ ಎತ್ತನ್ನು ದೇವರ ಜಾಗದಲ್ಲಿ ಹೂತಂತಾಯಿತು ಎಂದರು.

“ಸರ್ಕಾರದ ಪುಸ್ತಕಕ್ಕೆ ನೀವು ಯಾವತ್ತಿಂದ ಬೆಲೆ ಕೊಡಾಕೆ ಶುರು ಮಾಡಿದ್ರಿ?” ಎಂದು ಕೇಳಿದೆ.

“ನೀನು ರುಜು ಹಾಕಿದ ದಿನದಿಂದ ಕಣಮ್ಮಾ,” ಎಂದ ಒಬ್ಬ ಮುದುಕ. ಯಾರೂ ನಗಲಿಲ್ಲ.

ಜಾಗವನ್ನು ಹಾಲು ತುಪ್ಪ ಹಾಕಿ ಶುದ್ಧಿ ಮಾಡಿದರು. ನಾನು ರೊಪ್ಪದ ಹತ್ತಿರ ಬರಬಾರದು, ಕಿಲಾರಿಗೆ ನನ್ನ ಕೈಯ ಅಡುಗೆ ಹೋಗಬಾರದು ಎಂದು ತೀರ್ಮಾನವಾಯಿತು. ನನ್ನ ಗಂಡ ತಲೆ ಎತ್ತಲಿಲ್ಲ. ಕಿಲಾರಿತನ ಬಿಡುತ್ತೇನೆ ಎಂದಿದ್ದರೆ ಮನೆಯಲ್ಲಿ ಉಣ್ಣಬಹುದಿತ್ತು. ಅನ್ನಲಿಲ್ಲ. ಕಂಬಳಿ ಎತ್ತಿಕೊಂಡು ರೊಪ್ಪಕ್ಕೆ ಹೋದ.

ಜನಕ್ಕೆ ದೇಶ ಬೇಕಾ, ಸರ್ಕಾರ ಬೇಕಾ ಎಂದು ಈಗ ಮೊಮ್ಮಗಳು ಕಾಲೇಜಿನ ಪುಸ್ತಕ ಹಿಡಿದು ಕೇಳುತ್ತಾಳೆ. ನನ್ನ ಕಾಲು ಮುರಿದಾಗ ಕಟ್ಟಿದ್ದು ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆ, ದೇವರ ಎತ್ತಲ್ಲ. ರೇಷನ್ ಅಕ್ಕಿಯೂ ಉಂಡಿದ್ದೇನೆ. ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಯಾರದೂ ಅಲ್ಲದ್ದು ಒಂದಿದ್ದರೆ ಅದನ್ನು ಬರೆಯಲು ಅವರ ಪುಸ್ತಕದಲ್ಲಿ ಜಾಗವಿಲ್ಲ. ನಮ್ಮ ಹಿರಿಯರ ಹತ್ತಿರ ಅದಕ್ಕೆ ಜಾಗವಿತ್ತು, ನನಗೆ ಜಾಗವಿರಲಿಲ್ಲ. ರಾಜರು ಹೋದ ಹಾಗೆ ಈ ಸರ್ಕಾರದವರೂ ಒಂದು ದಿನ ಹೋಗುತ್ತಾರೆ, ಇವರ ಅಕ್ಷರವನ್ನೂ ಯಾರೂ ಓದುವುದಿಲ್ಲ ಎಂದು ಅವಳಿಗೆ ಹೇಳಿದೆ. ಹೋದರೆ ಅಳುತ್ತೀಯಾ ಎಂದಳು. ಇಲ್ಲ ಅಂದೆ.

ಆ ತೀರ್ಮಾನ ಆದ ಮೇಲೆ ಒಂದು ಸಲ ಬಾವಿಯ ದಾರಿಯಲ್ಲಿ ನನ್ನ ಗಂಡ ಎದುರಿಗೆ ಸಿಕ್ಕ.

“ಅವತ್ತು ನೀರು ಕುಡ್ದೆಯಲ್ಲ?” ಎಂದು ಕೇಳಿದೆ.

“ಕುಡ್ದೆ,” ಅಂದ. ದಾರಿ ಬಿಟ್ಟು ಪಕ್ಕಕ್ಕೆ ನಿಂತ. ನಾನು ದಾಟಿಕೊಂಡು ಹೋದೆ.

ಆಮೇಲೆ ಆರು ವರ್ಷ ಬದುಕಿದ. ನಾದಿನಿ ಮಾಡಿ ಕಳಿಸಿದ ಮುದ್ದೆ ತಿಂದ.