ಬಾಲ ಕತ್ತರಿಸಿದ ಮಾತು

ನಾನು ಆಗ ಪಾಂಡವಪುರಕ್ಕೆ ಹೊಲಿಗೆ ಕಲಿಯಲು ಹೋಗಿ ಬರುತ್ತಿದ್ದೆ. ಸಂಜೆಯ ಖಾಸಗಿ ಬಸ್ಸಿನಲ್ಲಿ ಡ್ರೈವರು ಸಿನಿಮಾ ಹಾಡು ಹಾಕುವುದು ರೂಢಿ. ಅವತ್ತು ಎರಡು ಹಾಡಿನ ನಡುವೆ ಗರಗರ ಸದ್ದಾಗಿ, ನನಗೆ ಚೆನ್ನಾಗಿ ಗೊತ್ತಿದ್ದ ದನಿಯೊಂದು ಕೇಳಿತು.

“ಆಚಾರ್ರ ಬೀದಿ ಓಟಾ? ಒಂದು ಬಾಟ್ಲಿ ತೋರ್ಸುದ್ರೆ ಇಂದಿಂದೆ ಬತ್ತವೆ!”

ಟಕ್ಕನೆ ಸದ್ದಾಯಿತು, ಮತ್ತೆ ಹಾಡು. ಬಸ್ಸಿನಲ್ಲಿದ್ದ ನಮ್ಮೂರಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಆಚಾರ್ರ ಬೀದಿಯವಳು, ಬಡಗಿಯ ಮಗಳು. ದನಿ ನಮ್ಮೂರ ಗೌಡರದು. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಿದ್ದರು. ಅಪ್ಪನೂ ಅವರೂ ಒಂದೇ ಸ್ಕೂಲಿನಲ್ಲಿ ಓದಿದವರು. ಅಪ್ಪ ಕೆಲಸ ಮಾಡುವ ಚಪ್ಪರಕ್ಕೆ ಬಂದು ಒಂದಿಷ್ಟು ಹೊತ್ತು ಕೂತು ಹರಟದೆ ಗೌಡರಿಗೆ ಬೆಳಗಾಗುತ್ತಿರಲಿಲ್ಲ.

ಇಳಿಯುವಾಗ ಡ್ರೈವರನ್ನು ಕೇಳಿದೆ, “ಅಣ್ಣ, ಈ ಕ್ಯಾಸೆಟ್ಟು ಎಲ್ಲಿ ಸಿಕ್ತು?”

“ಸ್ಟ್ಯಾಂಡಲ್ಲಿ ಯಾರೋ ವ್ಯಾನೋರು ಬಿಟ್ಟಿ ಕೊಟ್ಟೋದ್ರು ಕಣವ್ವ. ನಮ್ ಕಡೆಯೋರಲ್ಲ, ಮಾತೇ ಬ್ಯಾರೆ. ಹಾಡು ಚೆನ್ನಾಗವೆ ಅಂತ ಆಕ್ದೆ. ನಡುವೆ ಇಂಗೈತೆ ಅಂತ ನಂಗೇನ್ ಗೊತ್ತು?”

ಅವನ ಮುಖವನ್ನು ನೋಡಿದೆ. ನಿಜ ಹೇಳುತ್ತಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ.

ಮನೆಗೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅಂಥದೇ ಒಂದು ಕ್ಯಾಸೆಟ್ಟನ್ನು ಚಿಕ್ಕಪ್ಪ ಟೀ ಅಂಗಡಿಯಿಂದ ತಂದು ನಮ್ಮ ಟೇಪ್ ರೆಕಾರ್ಡರಿಗೆ ಹಾಕಿ, ಆ ಒಂದು ಮಾತನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದ. ಬೀದಿಯ ಜನ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಗೋಡೆಗೊರಗಿ ಕೂತಿದ್ದ.

ಅವ್ವ ಅಡುಗೆಮನೆಯಿಂದ ಬಂದಳು. “ಇನ್ನೊಂದ್ ಸಲ ಆಕು,” ಎಂದು ಕೇಳಿಸಿಕೊಂಡು, “ಈ ಮಾತು ಮುಗುದಿಲ್ಲ ಕಣಪ್ಪ. ಮುಗುದ್ರೆ ದನಿ ಕೆಳಿಕ್ಕೆ ಇಳೀಬೇಕಲ್ವಾ? ಇದು ಮೇಲೇ ನಿಂತದೆ,” ಎಂದಳು.

“ಸುಮ್ಕಿರು ಅತ್ಗೆ, ಅವ್ನೇ ಅಂದವ್ನೆ, ಕಿವಿಗೆ ಕೇಳ್ತಾ ಇಲ್ವಾ?” ಚಿಕ್ಕಪ್ಪ ರೇಗಿದ.

ಅಪ್ಪ ಎದ್ದು ಟವಲು ಹೆಗಲಿಗೆ ಹಾಕಿಕೊಂಡ. ನಾನೂ ಹಿಂದೆ ಹೋದೆ.

ಗೌಡರು ಪ್ರಚಾರ ಮುಗಿಸಿ ಆಗಷ್ಟೇ ಬಂದು ಜಗುಲಿಯ ಮೇಲೆ ಕಾಲು ಚಾಚಿದ್ದರು. ಅಪ್ಪ ಮೆಟ್ಟಿಲು ಹತ್ತಲಿಲ್ಲ. “ಗೌಡ್ರೇ, ಒಂದ್ ಮಾತು ಕೇಳ್ಬೇಕಿತ್ತು,” ಎಂದ.

“ಏನ್ಲಾ ಇದು, ಗೌಡ್ರೇ ಅಂತೀಯಾ? ಬಾ ಮ್ಯಾಕೆ.”

“ನಮ್ ಬೀದಿ ಬಗ್ಗೆ ಅಂಗಂದ್ರಾ?”

ಕ್ಯಾಸೆಟ್ಟಿನ ಸುದ್ದಿ ಅವರಿಗೂ ಮುಟ್ಟಿತ್ತು. ಚಾಚಿದ್ದ ಕಾಲನ್ನು ಮಡಚಿ ನೆಟ್ಟಗೆ ಕೂತರು. “ಆ ಮಾತು ನನ್ ಬಾಯಲ್ಲಿ ಬಂದದೆ ಕಣ್ಲಾ. ತೊಣ್ಣೂರಲ್ಲಿ ಇರ್ಬೇಕು. ಬಾಟ್ಲಿ ತೋರ್ಸುದ್ರೆ ಬತ್ತವೆ ಅಂತ ನನ್ ಎದುರು ನಿಂತಿರೋರು ನಿಮ್ಮನ್ನ ಆಡ್ಕೊಳ್ತಾವ್ರೆ, ಅವ್ರ ನಾಲ್ಗೆ ಸೇದೋಗ ಅಂತ ಬಯ್ದಿದ್ದೆ. ದಿನಾ ನಾಕು ಊರಲ್ಲಿ ಮಾತಾಡೋನು, ಯಾವ ಪದ ಎಲ್ಲಿಟ್ಟೆ ಅಂತ ಗ್ಯಾನ ಇಲ್ಲ. ಆಣೆ ಇಡು ಅಂದ್ರೆ ಇಡ್ತೀನಿ.”

“ಆಣೆ ಬ್ಯಾಡಿ,” ಎಂದು ಅಪ್ಪ ತಿರುಗಿದ.

ದಾರಿಯಲ್ಲಿ ಹೇಳಿದ, “ಸುಳ್ಳೇಳೋನಾಗಿದ್ರೆ ಅಂದೇ ಇಲ್ಲ ಅಂತಿದ್ದ.”

ಆಗ ನನಗೆ ಹೊಳೆಯಿತು. ನಮ್ಮ ಮಾತಿನಲ್ಲಿ ‘ಅಂತ’ ಬರುವುದು ಕೊನೆಗೆ. ಅದೊಂದನ್ನು ಕತ್ತರಿಸಿಬಿಟ್ಟರೆ ಬೇರೆಯವರು ಆಡಿದ್ದು ಆಡಿ ತೋರಿಸಿದವನ ಮಾತೇ ಆಗಿಹೋಗುತ್ತದೆ. ಅಪ್ಪನಿಗೆ ಹೇಳಿದೆ. ಅಪ್ಪ ಹೂಂ ಎಂದನೇ ಹೊರತು ಅವನ ಮುಖ ಬಿಚ್ಚಿಕೊಳ್ಳಲಿಲ್ಲ.

ಮಾರನೆಯ ದಿನ ತೊಣ್ಣೂರಿಗೆ ಹೋದೆವು. ನನ್ನ ಅಕ್ಕನನ್ನು ಅಲ್ಲಿಗೇ ಕೊಟ್ಟಿತ್ತು. ಭಾಷಣ ಕೇಳಿದವರನ್ನು ಹುಡುಕಿ ಹುಡುಕಿ ವಿಚಾರಿಸಿದೆವು. ಒಬ್ಬ ಎದೆ ತಟ್ಟಿಕೊಂಡು, “ನಾನೇ ಕಿವಿಯಾರೆ ಕೇಳಿವ್ನಿ, ಕ್ಯಾಸೆಟ್ಟಲ್ಲಿ ಇದ್ದಂಗೇ ಅಂದ,” ಎಂದ. ಇನ್ನೊಬ್ಬ, “ಯಾರ್ನೋ ಬಯ್ದ, ಯಾರ್ನ ಅಂತ ಗೊತ್ತಿಲ್ಲ,” ಎಂದ. ಕ್ಯಾಸೆಟ್ಟು ಕೇಳಿದ ಮೇಲೆ ಅವರ ನೆನಪೇ ಕ್ಯಾಸೆಟ್ಟಿನಂತೆ ಆಗಿಬಿಟ್ಟಿತ್ತು. ಕೊನೆಗೆ ಅಕ್ಕನ ಅತ್ತೆ, “ನಾಲ್ಗೆ ಸೇದೋಗ ಅಂದಾಗ ನಾವು ಹೆಂಗಸ್ರೆಲ್ಲ ನಕ್ಕಿದ್ವಲ್ಲ!” ಎಂದರು. ಅವರು ಟೀ ಅಂಗಡಿಗೆ ಹೋದವರಲ್ಲ, ಕ್ಯಾಸೆಟ್ಟು ಕೇಳಿರಲಿಲ್ಲ. ಅಪ್ಪ ಅವರ ಮುಂದೆ ಕೈಮುಗಿದ.

ಊರಿಗೆ ಬಂದವನೇ ಬೀದಿಯವರನ್ನು ಚಪ್ಪರದ ಮುಂದೆ ಕರೆದು ಎಲ್ಲವನ್ನೂ ಹೇಳಿದ. ಯಾರೂ ಎದುರು ಮಾತಾಡಲಿಲ್ಲ. ಚಿಕ್ಕಪ್ಪ ಮಾತ್ರ, “ನಿನ್ನೆ ಸಂಜೆ ನೀನು ಗೌಡನ ಮನೇಗೋಗಿದ್ದೆ. ಇವತ್ತು ಇಂಗಂತೀಯ. ಏನ್ ಕೊಟ್ಟ ಅಣ್ಣ?” ಎಂದ.

ಅಪ್ಪನನ್ನು ಹಾಗೆ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪ ಉಳಿ ಎತ್ತಿಕೊಂಡು ಕೆಲಸಕ್ಕೆ ಕೂತ. ಅವತ್ತಿನಿಂದ ನಾನು ಚಿಕ್ಕಪ್ಪನ ಮೇಲೇ ಅನುಮಾನಪಟ್ಟೆ. ಕ್ಯಾಸೆಟ್ಟು ಅಷ್ಟು ಬೇಗ ಅವನ ಕೈಗೆ ಹೇಗೆ ಬಂತು? ಬಸ್ಸಿನಲ್ಲಿ ಪಕ್ಕ ಕೂತವರ ಮೇಲೂ ಅನುಮಾನ, ನಗುತ್ತಾ ಮಾತಾಡಿಸಿದವರ ಮೇಲೂ ಅನುಮಾನ. ಚಿಕ್ಕಪ್ಪನದು ಬರೀ ಸಿಟ್ಟು, ಬೇರೆ ಏನೂ ಇರಲಿಲ್ಲ ಎಂದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಗೌಡರು ದೂರು ಕೊಟ್ಟರು. ಪೊಲೀಸರು ವ್ಯಾನಿನ ನಂಬರು ಕೇಳಿದರಂತೆ. ಯಾರೂ ನೋಡಿಕೊಂಡಿರಲಿಲ್ಲ. ಕಿರಂಗೂರಲ್ಲೂ ಹಂಚಿದರು, ಕೆ.ಆರ್. ಪೇಟೆ ಕಡೆಯಿಂದ ಬಂದಿತ್ತು, ನಾಗಮಂಗಲದ ದಾರಿ ಹಿಡಿಯಿತು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರು ಕಳಿಸಿದ್ದು, ಯಾಕೆ ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ಓಟಿನ ದಿನ ನಮ್ಮ ಬೀದಿಯವರು ಒಬ್ಬರಿಗೊಬ್ಬರು ಮುಖ ಕೊಡದೆ ಸಾಲಿನಲ್ಲಿ ನಿಂತೆವು. ಗೌಡರು ಸ್ವಲ್ಪದರಲ್ಲಿ ಸೋತರು.

ಆಮೇಲೆ ಅವರು ಚಪ್ಪರಕ್ಕೆ ಬರಲಿಲ್ಲ. ಒಂದು ದಿನ ಅಪ್ಪನೇ ಅವರ ಮನೆಗೆ ಹೋದ, ನಾನೂ ಇದ್ದೆ. ಕಾಫಿ ಕೊಟ್ಟರು. ಮಳೆ, ಬೆಳೆ, ಹಾಲಿನ ಡೈರಿ ಎಲ್ಲ ಮಾತಾಡಿದರು. ಎಲೆಕ್ಷನ್ ಬಗ್ಗೆ ಒಂದು ಮಾತೂ ಬರಲಿಲ್ಲ. ನಾವು ಹೊರಡುವಾಗ ಗೌಡರು ಎಲ್ಲೋ ನೋಡುತ್ತಾ, “ನಿಮ್ ಬೀದೀಲಿ ನಂಗೆ ಓಟು ಯಾರ್ ಆಕುದ್ರೋ, ಯಾರ್ ಬುಟ್ರೋ,” ಎಂದರು.

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ತಿರುವು ದಾಟಿದ ಮೇಲೆ ನನ್ನನ್ನು ಕೇಳಿದ, “ನಾನು ಅವ್ನಿಗೇ ಆಕಿದ್ದು ಕಣವ್ವ. ಅದ್ನ ಎಂಗ್ ತೋರ್ಸೋದು?”