ಬೀಳಿಸೋ ಅಕ್ಕ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ‘ಬೀಳಿಸೋ ಅಕ್ಕ’ ಎಂದು. ಆಯಾ ಆಗಿ ಕೆಲಸಕ್ಕೆ ಸೇರಿದಾಗಿನಿಂದ ಆಕೆ ಒಬ್ಬ ರೋಗಿಯನ್ನೂ ಬೀಳಿಸಿದವಳಲ್ಲ. ಬೀಳಿಸಿದ್ದು ವಿಡಿಯೊದಲ್ಲಿ, ಅದೂ ರೋಗಿಯ ವೇಷ ಹಾಕಿದ್ದ ಕಾವಲುಗಾರನನ್ನು.

ಹೊಸಬರಿಗೆ ಕೆಲಸ ಕಲಿಸಲೆಂದು ಆ ವಿಡಿಯೊ ಮಾಡಿದ್ದರು. ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವ ಹೊತ್ತಿಗೆ ಚಿತ್ರ ನಿಂತು, ಈಗ ಏನು ಮಾಡುತ್ತೀರಿ ಎಂದು ಕೇಳುತ್ತದೆ. ಬ್ರೇಕ್ ಹಾಕುತ್ತೇನೆ ಎಂದು ಒತ್ತಿದರೆ ಹಿರಿಯ ನರ್ಸು ಬಂದು ನಾಜೂಕಾಗಿ ಕೂರಿಸುತ್ತಾರೆ. ಹಾಗೇ ಎತ್ತುತ್ತೇನೆ ಎಂದು ಒತ್ತಿದರೆ ಈಕೆ ಬರುತ್ತಾಳೆ, ಕುರ್ಚಿ ಹಿಂದಕ್ಕೆ ಜಾರುತ್ತದೆ, ರೋಗಿ ಧೊಪ್ಪೆಂದು ಬೀಳುತ್ತಾನೆ. ತಪ್ಪು ಮಾಡಿ ತೋರಿಸಲು ಯಾರೂ ಒಪ್ಪಿರಲಿಲ್ಲ, ಎಲ್ಲರಿಗೂ ಮರ್ಯಾದೆಯ ಚಿಂತೆ. ಈಕೆ ನಕ್ಕು ಹೂಂ ಎಂದುಬಿಟ್ಟಳು.

ಕಲಿಯಲು ಬಂದವರ ಬುದ್ಧಿ ಗೊತ್ತಲ್ಲ, ಸರಿಯುತ್ತರ ಗೊತ್ತಿದ್ದೂ ಮೊದಲು ಬೀಳುವುದನ್ನೇ ಒತ್ತುತ್ತಾರೆ. ಒತ್ತಿದಷ್ಟು ಸಲವೂ ಆಕೆ ಬೀಳಿಸಲೇಬೇಕು. ಬರಬರುತ್ತ ಅದನ್ನು ರೋಗಿಗಳಿಗೂ ತೋರಿಸತೊಡಗಿದರು. ಆಮೇಲೆ ಆಕೆ ಹತ್ತಿರ ಬಂದರೆ ಸಾಕು, ಅವರು ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆ ತುಣುಕು ತೆಗೆಸಿ ಎಂದು ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಜನ ಕಲಿಯುತ್ತಿರುವುದೇ ಅದರಿಂದ, ತೆಗೆಯುವುದು ಹೇಗೆ ಎಂದರು. ನಿನ್ನ ಮೇಲೆ ರೋಗಿಗಳ ದೂರು ಹೀಗೇ ಬಂದರೆ ಬಟ್ಟೆ ಮಡಿಸುವ ಕೋಣೆಗೆ ಹಾಕುತ್ತೇವೆ ಎಂದೂ ಸೇರಿಸಿದರು. ಕಿಟಕಿಯಿಲ್ಲದ ಆ ಕೋಣೆ ನೆನೆದರೇ ಆಕೆಗೆ ಉಸಿರುಗಟ್ಟುತ್ತಿತ್ತು. ರೋಗಿಗಳನ್ನು ಕೈಹಿಡಿದು ಎಬ್ಬಿಸುವ ಕೆಲಸವನ್ನು ಆಕೆ ಅಷ್ಟು ಹಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಆಕೆಯ ತಾಯಿ ಸೊಂಟ ಮುರಿದುಕೊಂಡು ಅದೇ ವಾರ್ಡಿಗೆ ಬಂದಳು. ಮಗಳಿಗೆ ಒಳಗೊಳಗೇ ಆಸೆ ಚಿಗುರಿತು. ಹೆತ್ತ ತಾಯಿಯೇ ತನ್ನ ಕೈ ಹಿಡಿದು ಎದ್ದರೆ ವಾರ್ಡಿಗೆ ವಾರ್ಡೇ ನೋಡುತ್ತದೆ, ಎಲ್ಲರ ಬಾಯಿ ಮುಚ್ಚುತ್ತದೆ. ತಾಯಿ ಮಾತ್ರ ಮಲಗಿದಲ್ಲೇ ಆ ವಿಡಿಯೊ ಒತ್ತಿ ಒತ್ತಿ, ಇವಳು ನನ್ನ ಮಗಳು ಎಂದು ಪಕ್ಕದ ಮಂಚದವರಿಗೆಲ್ಲ ತೋರಿಸಿ ನಗುತ್ತಿದ್ದಳು. ಅದು ನಟನೆ ಅಮ್ಮ ಎಂದರೆ, ನನಗೆ ಗೊತ್ತಿಲ್ವೇನೇ ಎನ್ನುತ್ತಿದ್ದಳು.

ಡಾಕ್ಟರು ಕೂರಿಸಿ ಎಂದ ದಿನ ಆಕೆ ಕುರ್ಚಿ ತಂದಳು. ಬ್ರೇಕ್ ಹಾಕಿ ಅಲುಗಾಡಿಸಿದಳು, ಎಲ್ಲರಿಗೂ ಕಾಣಲಿ ಎಂದು ಮತ್ತೊಮ್ಮೆ ಅಲುಗಾಡಿಸಿದಳು. ಆಮೇಲೆ ಬಾಗಿ ಕೈಚಾಚಿದಳು. ತಾಯಿ ಆ ಕೈಗಳನ್ನು ನೋಡಿ ತಲೆ ತಗ್ಗಿಸಿದಳು.

“ಬೇಜಾರ್ ಮಾಡ್ಕೋಬೇಡ ಕಣೇ,” ಎಂದಳು ಮೆಲ್ಲಗೆ. “ಆ ಹೊಸ ಹುಡುಗಿನ ಕರಿ.”

ಕೆಲಸ ಕಲಿಯಲು ಬಂದಿದ್ದ ಆ ಹುಡುಗಿಯನ್ನು ಆಕೆಯೇ ಕರೆದಳು. ಕುರ್ಚಿಯನ್ನಾದರೂ ಹಿಡಿದುಕೊಳ್ಳೋಣವೆಂದು ಮುಂದೆ ಬಂದರೆ, ಅಕ್ಕ, ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ ಎಂದಳು ಹುಡುಗಿ. ವಾರ್ಡಿಗೆ ವಾರ್ಡೇ ನೋಡುತ್ತಿತ್ತು.